ಸಂಜೆ ಆರು ಗಂಟೆಗೆ ಎಲ್ಲಿರ್ತೀಯ?

ಡಿಗ್ರಿಯ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನನಗೆ ಫೋನ್‌ಗಳು ಶುರುವಾಗುತ್ತವೆ. "ಮೇಡಂ, ಎಂ.ಎ.ಗೆ ಮೈಸೂರಿಗೇ ಹೋಗ್ಲಾ, ಇಲ್ಲೇ ಹಾಸನದಲ್ಲಿ ಸೇರ್ಕೊಳ್ಳಾ?" ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವರು. ಅವರ ಅಪ್ಪ ಅಮ್ಮನಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಅಣ್ಣ ಅಕ್ಕಂದಿರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾನು ಹೇಳುವ ಎರಡು ಮಾತಿಗೆ ತೂಕ ಜಾಸ್ತಿ. ಸುಮ್ನೆ ಏನೋ ಒಂದು ಹೇಳಿ ಫೋನ್ ಇಡುವುದಕ್ಕೆ ನನಗೆ ಮನಸ್ಸು ಬರಲ್ಲ.

ಹೋದ ವರ್ಷ ಇದೇ ಪ್ರಶ್ನೆ ಮನೆಯೊಳಗಿಂದಲೇ ಬಂತು. ಅಕ್ಕನ ಮಗಳು ಪುಟ್ಟಿ ಬಿ.ಎ. ಮುಗಿಸಿದ್ದಳು. ಊರು ಚನ್ನರಾಯಪಟ್ಟಣದ ಹತ್ತಿರ. ಭಾವನಿಗೆ ತೆಂಗಿನ ತೋಟ. ಅವಳಿಗೆ ಕನ್ನಡ ಎಂ.ಎ. ಮಾಡಬೇಕು, ಅದರಲ್ಲೂ ಶಾಸನ ಓದಬೇಕು ಅನ್ನುವ ಆಸೆ. ಮುಂದಿದ್ದದ್ದು ಅವೇ ಎರಡು ದಾರಿ: ಮಾನಸಗಂಗೋತ್ರಿ ಅಥವಾ ಹೇಮಗಂಗೋತ್ರಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಮಾನಸಗಂಗೋತ್ರಿ ಕ್ಯಾಂಪಸ್ 1960ರದ್ದು. ಆಗ ಕುಲಪತಿಯಾಗಿದ್ದ ಕುವೆಂಪು ಅವರೇ ಅದಕ್ಕೆ ಹೆಸರಿಟ್ಟರು. ಹಾಸನದ ಹೇಮಗಂಗೋತ್ರಿ ಬಹಳ ವರ್ಷ ಇದೇ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಅದು ಹಾಸನ ವಿಶ್ವವಿದ್ಯಾಲಯವಾಯಿತು. ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆಗಳಿಗೂ ಆಗಲೇ ಸ್ವಂತ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ಇಂಥ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಸಚಿವ ಸಂಪುಟದ ಉಪಸಮಿತಿಯಿಂದ ಹೊರಬಂತು. ದುಡ್ಡಿಲ್ಲ, ಜಾಗ ಇಲ್ಲ ಅನ್ನುವುದು ಕಾರಣ. ಆ ಸುದ್ದಿ ಪೇಪರಿನಲ್ಲಿ ಬಂದ ವಾರ ನನ್ನ ವಿದ್ಯಾರ್ಥಿಗಳ ಮುಖ ನೋಡಲು ಆಗುತ್ತಿರಲಿಲ್ಲ. "ಮೇಡಂ, ನಮ್ಮ ಮಾರ್ಕ್ಸ್ ಕಾರ್ಡಲ್ಲಿ ಯಾವ ಯೂನಿವರ್ಸಿಟಿ ಹೆಸರು ಬರತ್ತೆ?" ಅಂತ ಕೇಳುವಾಗ ಒಬ್ಬ ಹುಡುಗನ ಗಂಟಲು ಕಟ್ಟಿತ್ತು. ಹತ್ತಿರದಲ್ಲಿ ಒಂದು ಬಾಗಿಲು ತೆರೆದು, ಮಕ್ಕಳು ಒಳಗೆ ಕಾಲಿಟ್ಟ ಮೇಲೆ ಅದನ್ನು ಮುಚ್ಚುವ ಮಾತಾಡುವುದು ನನಗೆ ತುಂಬಾ ನೋವಿನ ವಿಷಯ.

ಹೆಸರಿನ ಬಗ್ಗೆ ಮಾತ್ರ ಅಷ್ಟು ಹೆದರಬೇಕಾಗಿಲ್ಲ. ನಮ್ಮ ವಿಷಯದವರಿಗೆ ಮುಂದೆ ಕೆಲಸ ಅಂದರೆ ಹೆಚ್ಚಾಗಿ ಪಾಠ ಮಾಡುವುದು. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ನೆಟ್ ಇಲ್ಲವೇ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು, ಅಥವಾ ಪಿಎಚ್.ಡಿ. ಇರಬೇಕು. ನೆಟ್, ಕೆಸೆಟ್‌ಗೆ ಕೂರಲು ಎಂ.ಎ.ನಲ್ಲಿ ಶೇಕಡಾ 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇಕಡಾ 50. ಅದು ಹಳೆಯ ವಿಶ್ವವಿದ್ಯಾಲಯದ್ದಾ ಹೊಸದರದ್ದಾ ಅಂತ ಅಲ್ಲಿ ಯಾರೂ ಕೇಳಲ್ಲ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಆರಿಸಿಕೊಳ್ಳುವ ಎಂ.ಬಿ.ಎ.ಯಂಥ ಕೋರ್ಸಿಗೆ ಈ ಲೆಕ್ಕ ಬೇರೆ ಇರಬಹುದು. ನಾನು ಮಾತಾಡುತ್ತಿರುವುದು ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಅಂತ ಹೋಗುವ ನಮ್ಮ ಮಕ್ಕಳ ಬಗ್ಗೆ.

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಸೇರಿದ ಮೇಲೆ ಸಂಜೆ ಆರು ಗಂಟೆಗೆ ಎಲ್ಲಿರ್ತೀಯ?

ಯಾಕೆ ಅಂತ ಹೇಳುತ್ತೇನೆ. ನಾನು ಎಂ.ಎ. ಮಾಡಿದ್ದು ಮಾನಸಗಂಗೋತ್ರಿಯಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಒಳ್ಳೆಯ ಮೇಷ್ಟ್ರುಗಳಿದ್ದರು, ತರಗತಿಯಲ್ಲಿ ಕಲಿತದ್ದು ಬಹಳ ಇದೆ. ಆದರೆ ನನ್ನನ್ನು ಬೆಳೆಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠ ಮುಗಿದ ಮೇಲಿನದು. ಹುಣಸೂರು ರಸ್ತೆಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, 1969ರಲ್ಲಿ ಶುರುವಾದದ್ದು. ಅದರ ಲೈಬ್ರರಿಯಲ್ಲಿ ಕೂತು ನಾನು ತುಳು, ಕೊಡವ ಭಾಷೆಗಳ ವ್ಯಾಕರಣ ತಿರುವಿಹಾಕಿದ್ದೇನೆ. ಅದು ನನ್ನ ಪಠ್ಯದಲ್ಲಿ ಇರಲೇ ಇಲ್ಲ. ಕಲಾಮಂದಿರದ ಪಕ್ಕ ರಂಗಾಯಣ. ನಾಟಕ ಮುಗಿಸಿಕೊಂಡು ನಾವು ಹುಡುಗಿಯರು ಗುಂಪಾಗಿ ಮಾತಾಡುತ್ತಾ ನಡೆದು ಬರುತ್ತಿದ್ದೆವು. ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ. ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ. ಅದರ ಏರಿಯ ಮೇಲೆ ನಡೆಯುತ್ತಾ ಮಾಡಿದ ಜಗಳಗಳಿಂದಲೇ ನನಗೆ ಛಂದಸ್ಸು ಅರ್ಥವಾಗಿದ್ದು.

ಒಂದು ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ರೂಮಿನಲ್ಲಿ ಭೂವಿಜ್ಞಾನ ಓದುವ ಒಬ್ಬಳಿದ್ದಳು. ಒಮ್ಮೆ ನಾನು ಶಾಸನದ ಎರಡು ಫೋಟೊ ಮುಂದಿಟ್ಟುಕೊಂಡು ಕೂತಿದ್ದೆ. ಹೊಯ್ಸಳರ ಕಾಲದ್ದೊಂದು, ಅಕ್ಷರ ಮುತ್ತು ಪೋಣಿಸಿದಂತೆ ದುಂಡಗೆ. ಇನ್ನೊಂದು ಶ್ರವಣಬೆಳಗೊಳದ ಬಂಡೆಯದ್ದು, ಗೆರೆ ತೆಳ್ಳಗೆ. ಕೆತ್ತಿದವನ ಕೈಚಳಕದ ವ್ಯತ್ಯಾಸ ಇದು ಅಂತ ನಾನು ಬರೆದುಕೊಂಡಿದ್ದೆ. ಅವಳು ಫೋಟೊ ನೋಡಿ, "ಕೈ ಇರ್ಲಿ, ಕಲ್ಲು ಯಾವುದು ನೋಡ್ದ್ಯಾ?" ಅಂದಳು. ಒಂದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುತ್ತದೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಇನ್ನೊಂದು ಗ್ರಾನೈಟ್. ಅದರಲ್ಲಿ ಒಂದು ಸೊನ್ನೆ ಕೆತ್ತುವುದಕ್ಕೂ ಬೆವರು ಹರಿಸಬೇಕು. ಆ ರಾತ್ರಿಯಿಂದ ಯಾವ ಶಾಸನ ನೋಡಿದರೂ ನಾನು ಮೊದಲು ಕಲ್ಲು ನೋಡುತ್ತೇನೆ, ಆಮೇಲೆ ಅಕ್ಷರ. ಇದನ್ನು ನನ್ನ ವಿಭಾಗದಲ್ಲಿ ಯಾರಾದರೂ ಹೇಳಿಕೊಡುವವರಿದ್ದರು ಅನ್ನಿಸುವುದಿಲ್ಲ. ಅದು ಅವರ ತಪ್ಪಲ್ಲ, ಅವರ ವಿಷಯ ಬೇರೆ. ಕನ್ನಡದವಳೂ ಭೂವಿಜ್ಞಾನದವಳೂ ಒಂದೇ ರೂಮಿನಲ್ಲಿ ಮಲಗುವಂಥ ಕಡೆ ಮಾತ್ರ ಹೀಗೆ ಆಗುತ್ತದೆ.

ದೊಡ್ಡ ವಿಶ್ವವಿದ್ಯಾಲಯದ ದೊಡ್ಡತನ ಇರುವುದು ಇಲ್ಲಿ. ನಾವು ಹುಡುಕಿಕೊಂಡು ಹೋಗದೇ ಇದ್ದದ್ದು ಸಿಗುತ್ತದೆ. ಈಗ ಓಪನ್ ಎಲೆಕ್ಟಿವ್ ಅಂತ ಬೇರೆ ವಿಭಾಗದ ಒಂದು ಪತ್ರಿಕೆ ತಗೊಳ್ಳಬೇಕು, ಅಲ್ವಾ? ವಿಭಾಗ ಜಾಸ್ತಿ ಇದ್ದ ಕಡೆ ಆಯ್ಕೆಯೂ ಜಾಸ್ತಿ. ಭಾಷಾವಿಜ್ಞಾನ, ಪತ್ರಿಕೋದ್ಯಮ, ಪ್ರಾಚೀನ ಇತಿಹಾಸ, ಏನು ಬೇಕಾದರೂ ನೋಡಬಹುದು. ಚಿಕ್ಕ ಕಡೆ ಇರುವ ನಾಲ್ಕಾರರಲ್ಲಿ ಒಂದನ್ನು ಹಿಡಿಯಬೇಕು.

ಆದರೆ ಇದೆಲ್ಲ ಸಿಗುವುದು ಅಲ್ಲೇ ಉಳಿದುಕೊಂಡವರಿಗೆ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದಳು. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ರೂಮು ಮಾಡಲು ಮನೆಯವರು ಒಪ್ಪಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ದಿನಾ ಹೋಗಿ ಬಾ ಅಂದರು. ಶಕ್ತಿ ಯೋಜನೆ ನಮ್ಮ ಹೆಣ್ಣುಮಕ್ಕಳಿಗೆ ಮಾಡಿರುವ ಉಪಕಾರ ಸಣ್ಣದಲ್ಲ. ಅದಿಲ್ಲದಿದ್ದರೆ ಡಿಗ್ರಿಗೇ ನಿಲ್ಲುತ್ತಿದ್ದ ಎಷ್ಟೋ ಹುಡುಗಿಯರು ನನ್ನ ಕಣ್ಣಮುಂದೆ ಎಂ.ಎ., ಎಂ.ಕಾಂ. ಮಾಡಿದ್ದಾರೆ. ಆದರೆ ಈ ಹುಡುಗಿಯ ದಿನ ಹೇಗಿತ್ತು ಕೇಳಿ. ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕು, ಎರಡು ಬಸ್ಸು ಬದಲಾಯಿಸಬೇಕು. ಮೊದಲ ಪೀರಿಯಡ್‌ಗೆ ಯಾವಾಗಲೂ ತಡ. ಮೂರೂವರೆ ಆಗುತ್ತಿದ್ದ ಹಾಗೆ ಕಣ್ಣು ಗಡಿಯಾರದ ಮೇಲೆ. ನಾಲ್ಕರ ಮೇಲೆ ಯಾರಾದರೂ ಉಪನ್ಯಾಸಕ್ಕೆ ಬಂದರೆ ಅವಳಿಗೆ ಇಲ್ಲ. ಲೈಬ್ರರಿಯಿಂದ ಮನೆಗೆ ಕೊಡದ ಪುಸ್ತಕ ಅವಳಿಗೆ ಇಲ್ಲ. ತರಗತಿಯಲ್ಲಿ ಅರವತ್ತರ ಹತ್ತಿರ ಜನ. ಒಂದು ಇಡೀ ಸೆಮಿಸ್ಟರ್ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲವಂತೆ. ನಡುವೆ ಹುಷಾರಿಲ್ಲದೆ ಬಹಳ ದಿನ ಹೋಗಲಿಲ್ಲ. ಎಲ್ಲಿ ಹೋಗಿದ್ದೆ ಅಂತ ಕೇಳಿದವರೂ ಇಲ್ಲ. ಅವಳು ನಮ್ಮ ಕಾಲೇಜಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು ಅಂತ ನನಗೆ ಗೊತ್ತು. ದೊಡ್ಡ ಜಾಗದ ಗದ್ದಲ ಮಾತ್ರ ಅವಳ ಪಾಲಿಗೆ ಬಂತು, ಅಲ್ಲಿನ ಸಂಪತ್ತು ಬರಲಿಲ್ಲ. ಅವಳು ಪಾಸಾದಳು, ಅಂಕವೂ ಬಂತು. ಆದರೂ ಅವಳನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ಇಷ್ಟು ತಲೆಯಲ್ಲಿಟ್ಟುಕೊಂಡೇ ನಾನು ಪುಟ್ಟಿಯನ್ನು ಎರಡೂ ಕಡೆ ಕರೆದುಕೊಂಡು ಹೋದೆ. ಮೈಸೂರು ನನಗೆ ತವರುಮನೆ ಇದ್ದ ಹಾಗೆ. ಲೈಬ್ರರಿ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಾಸ್ಟೆಲ್ ಎಲ್ಲ ತೋರಿಸಿದೆ. ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮುಂದೆ ನಿಂತು, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಕಥೆ ಹೇಳಿದೆ. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗವೂ ಮೈಸೂರಿನಲ್ಲೇ ಇದೆ. ಶಾಸನ ಓದಬೇಕು ಅನ್ನುವವರಿಗೆ ಇದಕ್ಕಿಂತ ಇನ್ನೇನು ಬೇಕು? ಅವಳ ಕಣ್ಣು ಅರಳಿತ್ತು. ನನ್ನ ಮನಸ್ಸು ಕೂಡ ಅಲ್ಲೇ ಇತ್ತು, ಮುಚ್ಚಿಟ್ಟುಕೊಳ್ಳಲ್ಲ.

ಹೇಮಗಂಗೋತ್ರಿಗೆ ಹೋದ ದಿನ ಹಳಗನ್ನಡದ ಪಾಠ ನಡೆಯುತ್ತಿತ್ತು. ಕೇಳಿದ್ದಕ್ಕೆ ಮೇಷ್ಟ್ರು ಒಳಗೆ ಕೂರಿಸಿಕೊಂಡರು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳು. ಬೋರ್ಡಿನ ಮೇಲೆ ಒಂದು ಕಂದಪದ್ಯ. ಒಬ್ಬೊಬ್ಬರನ್ನೇ ಎಬ್ಬಿಸಿ ಒಂದೊಂದು ಸಾಲಿಗೆ ಪ್ರಸ್ತಾರ ಹಾಕಿಸುತ್ತಿದ್ದರು. ಕಂದದ ಲೆಕ್ಕ ಗೊತ್ತಲ್ಲ, ನಾಲ್ಕು ಮಾತ್ರೆಯ ಗಣಗಳು. ಮೊದಲ ಮತ್ತು ಮೂರನೇ ಸಾಲಿಗೆ ಮೂರು, ಎರಡು ಮತ್ತು ನಾಲ್ಕಕ್ಕೆ ಐದು. ಪುಟ್ಟಿಯ ಕೈಗೂ ಸೀಮೆಸುಣ್ಣ ಕೊಟ್ಟರು. ಅವಳು ಲಘು, ಗುರು ಹಾಕುತ್ತಾ ಹೋಗಿ ಕೂಡಿಸಿದಳು. ಮೊದಲ ಸಾಲಿಗೆ ಹನ್ನೆರಡು ಬರಬೇಕಾದಲ್ಲಿ ಹದಿಮೂರು ಬಂತು. ಮತ್ತೆ ಎಣಿಸಿದಳು, ಮತ್ತೆ ಹದಿಮೂರು. ಮೇಷ್ಟ್ರು ತಪ್ಪು ತೋರಿಸಲಿಲ್ಲ. "ಎಣಿಸೋದು ಬಿಡಮ್ಮ, ಬಾಯಿಬಿಟ್ಟು ಓದು" ಅಂದರು. ಅವಳು ಓದಿದಳು. "ಇನ್ನೊಂದು ಸಲ ಓದು, 'ಎರ್ದೆ' ಅನ್ನೋ ಕಡೆ ನಿನ್ನ ನಾಲಿಗೆ ನಿಲ್ಲತ್ತಾ ನೋಡು." ನಿಲ್ಲುವುದಿಲ್ಲ. ಅಲ್ಲಿ ಒತ್ತಕ್ಷರ ಇದ್ದರೂ ತೇಲಿಸಿ ಓದಬೇಕು, ಹಿಂದಿನ ಎಕಾರ ಲಘುವಾಗೇ ಉಳಿಯುತ್ತದೆ. ಇದಕ್ಕೆ ಶಿಥಿಲದ್ವಿತ್ವ ಅಂತ ಹೆಸರು. ಬಿ.ಎ.ನಲ್ಲಿ ನಾನೇ ಅವಳಿಗೆ ಈ ವ್ಯಾಖ್ಯೆ ಬಾಯಿಪಾಠ ಮಾಡಿಸಿದ್ದೆ. ಅದು ಅವಳ ಕಿವಿಗೆ ಬಿದ್ದದ್ದು ಅವತ್ತು. ಒಂದು ಮಾತ್ರೆ ಅಳಿಸಿ ಹನ್ನೆರಡು ಮಾಡಿ ತಿರುಗಿದಾಗ ಅವಳ ಮುಖ ನೋಡಬೇಕಿತ್ತು.

ಅರವತ್ತು ಜನರ ತರಗತಿಯಲ್ಲಿ ಎಷ್ಟೇ ಒಳ್ಳೆಯ ಮೇಷ್ಟ್ರಾದರೂ ಇಷ್ಟು ತಾಳ್ಮೆಗೆ ಹೊತ್ತು ಎಲ್ಲಿಂದ ತರಬೇಕು? ಚಿಕ್ಕ ಕಡೆಯ ಬಲ ಇದು. ಅಲ್ಲಿ ಏನಿದೆಯೋ ಅದೆಲ್ಲ ಹತ್ತರಿಂದ ನಾಲ್ಕರೊಳಗೆ ಸಿಕ್ಕಿಬಿಡುತ್ತದೆ. ಬಸ್ಸಿಗೆ ಓಡುವವಳಿಗೂ ಪೂರ್ತಿ ಸಿಗುತ್ತದೆ.

ಇನ್ನೊಂದು ವಿಷಯ ಪುಟ್ಟಿಯೇ ತೆಗೆದಳು. "ಚಿಕ್ಕಮ್ಮ, ಓದೋ ಪುಸ್ತಕ ಮೈಸೂರಲ್ಲಿದೆ ಸರಿ. ಕಲ್ಲು ಇರೋದು ಇಲ್ಲೇ ಅಲ್ವಾ?" ಹೌದು. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನ ಊರು. ಎಂ.ಎಚ್. ಕೃಷ್ಣ ಅವರು ಆ ಶಾಸನವನ್ನು ಬೆಳಕಿಗೆ ತಂದದ್ದು 1936ರಲ್ಲಿ. ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿ ಇರುವುದು ಅದರ ಪ್ರತಿಕೃತಿ. ಆದರೆ ಶ್ರವಣಬೆಳಗೊಳದ ಬೆಟ್ಟಗಳನ್ನು ಯಾರೂ ಎತ್ತಿಕೊಂಡು ಹೋಗಲು ಆಗಲ್ಲ. ಐನೂರಕ್ಕೂ ಹೆಚ್ಚು ಶಾಸನಗಳು ಆ ಊರು, ಆ ಸುತ್ತಮುತ್ತಲಲ್ಲೇ ಇವೆ. ಅಕ್ಕನ ಮನೆಯಿಂದ ಒಂದು ಬಸ್ಸಿನ ದಾರಿ. ನಮ್ಮ ಹಳ್ಳಿಗಳ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ದೇವಸ್ಥಾನದ ಹಿಂದೆ ಎಷ್ಟು ವೀರಗಲ್ಲುಗಳು ಅರ್ಧ ಹೂತುಕೊಂಡು ನಿಂತಿಲ್ಲ! ಒಂದು ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಮೆಲ್ಲಗೆ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದಕ್ಕೆ ಅರ್ಧ ದಿನ ಬೇಕು. ಆ ಕಲ್ಲಿನ ಹತ್ತಿರ ಇರುವವಳಿಗೆ ಅದು ಸಲೀಸು. ಹಾಗಂತ ಮೈಸೂರಿನ ಶಾಸನ ಸಂಪುಟಗಳಿಲ್ಲದೆ ಓದಲು ಆಗುವುದಿಲ್ಲ. ಎರಡೂ ಬೇಕು.

ಮನೆಯಲ್ಲಿ ಚರ್ಚೆ ಆಯಿತು. ನಾನು ಹಾಸ್ಟೆಲ್‌ಗೆ ಹಾಕೋಣ, ಮೈಸೂರಿಗೇ ಕಳಿಸೋಣ ಅಂತ ಹಿಡಿದೆ. "ನೋಡಮ್ಮ, ನೀನು ಹೋದ ಕಾಲ ಬೇರೆ. ಇವಳು ಒಂದು ರಾತ್ರಿ ಮನೆ ಬಿಟ್ಟಿದ್ದವಳಲ್ಲ" ಅಂದರು ಭಾವ. "ಭಾವ, ನಾನೂ ಬಿಟ್ಟಿದ್ದವಳಲ್ಲ. ನಮ್ಮಪ್ಪ ಅವತ್ತು ಟ್ರಂಕು ಹೊತ್ಕೊಂಡು ಬಂದು ಬಿಟ್ಟುಹೋಗ್ಲಿಲ್ವಾ?" ಅಂದೆ. ಭಾವ ಸುಮ್ಮನಾದರು. ಕೆಟ್ಟವರಲ್ಲ, ಹೆದರಿಕೆ ಅಷ್ಟೇ. ಕೊನೆಗೆ, ಹಾಸ್ಟೆಲ್ ಸಿಕ್ಕರೆ ಕಳಿಸುತ್ತೇನೆ ಅನ್ನುವ ಮಟ್ಟಕ್ಕೆ ಬಂದರು. ನನಗೆ ಅಷ್ಟೇ ಬೇಕಿತ್ತು.

ಆದರೆ ಪುಟ್ಟಿಯೇ ಹಾಸನ ಅಂದಳು. ಅಕ್ಕನಿಗೆ ಮಂಡಿ ನೋವು, ಕೂತರೆ ಏಳಲು ಆಗಲ್ಲ. ಭಾವ ಬೆಳಗಾದರೆ ತೋಟದಲ್ಲಿ. ಅದು ಒಂದು ಕಾರಣ. ಅದೊಂದೇ ಆಗಿದ್ದರೆ ನಾನು ಬಿಡುತ್ತಿರಲಿಲ್ಲ, ಯಾರನ್ನಾದರೂ ಕೆಲಸಕ್ಕೆ ಇಡೋಣ ಅನ್ನುತ್ತಿದ್ದೆ. ಅವಳು ಹೇಳಿದ ಎರಡನೇ ಕಾರಣಕ್ಕೆ ನಾನು ಒಪ್ಪಿದೆ. "ನಾನು ನಾಲ್ಕು ಜನರ ಮುಂದೆ ಬಾಯಿಬಿಡೋಳಲ್ಲ ಚಿಕ್ಕಮ್ಮ. ಆ ಮೇಷ್ಟ್ರು ನನ್ನ ಬಾಯಿಂದ ಓದಿಸಿದ್ರು. ಎರಡು ವರ್ಷ ಅಲ್ಲಿ ಓದ್ತೀನಿ. ಪಿಎಚ್.ಡಿ.ಗೆ ಮೈಸೂರಿಗೆ ಹೋಗ್ತೀನಿ, ಆಗ ನನಗೆ ಏನು ಬೇಕು ಅಂತ ಗೊತ್ತಿರತ್ತೆ." ಇಪ್ಪತ್ತೊಂದು ವರ್ಷದ ಹುಡುಗಿ ತನ್ನನ್ನು ತಾನು ಇಷ್ಟು ಸರಿಯಾಗಿ ಅಳೆದುಕೊಂಡಿದ್ದು ನೋಡಿ ನನಗೆ ಹೆಮ್ಮೆಯಾಯಿತು.

ನಾನು ಹಾಕಿದ ಷರತ್ತು ಒಂದೇ. ವಾರದಲ್ಲಿ ಎರಡು ರಾತ್ರಿ ಹಾಸನದ ನಮ್ಮ ಮನೆಯಲ್ಲಿ ಉಳಿಯಬೇಕು. ಆ ಎರಡು ಸಂಜೆ ಬಸ್ಸಿನ ಚಿಂತೆ ಇರಬಾರದು. ಈಗ ಬುಧವಾರ, ಗುರುವಾರ ಬರುತ್ತಾಳೆ. ಜತೆಗೆ ಕೆಲವೊಮ್ಮೆ ಅರ್ಥಶಾಸ್ತ್ರ ಓದುವ ಗೆಳತಿಯೂ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಅವರಿಬ್ಬರೂ ವಾದಕ್ಕೆ ಬೀಳುತ್ತಾರೆ. ದತ್ತಿ ಶಾಸನದಲ್ಲಿ ಬರುವ ಗದ್ಯಾಣ, ಹಣ ಅನ್ನುವ ಹಳೆಯ ನಾಣ್ಯಗಳ ಲೆಕ್ಕ ಹಿಡಿದು, ಆ ಕಾಲದಲ್ಲಿ ಒಂದು ಖಂಡುಗ ಭತ್ತಕ್ಕೆ ಎಷ್ಟು ಬೆಲೆ ಇದ್ದಿರಬಹುದು ಅಂತ. ರಜೆಯಲ್ಲಿ ಒಂದು ವಾರ ಮೈಸೂರಿಗೆ ಕಳಿಸುತ್ತೇನೆ. ಅಲ್ಲಿನ ಒಬ್ಬ ಗೆಳತಿಯ ಮನೆಯಲ್ಲಿ ಇದ್ದು ಲೈಬ್ರರಿಗೆ ಹೋಗಿ ಬರುತ್ತಾಳೆ.

ಎಲ್ಲರಿಗೂ ಹಾಸನದಲ್ಲಿ ಚಿಕ್ಕಮ್ಮ ಇರುವುದಿಲ್ಲ, ಗೊತ್ತು. ಅದಕ್ಕೇ ಫೋನ್ ಮಾಡಿದವರಿಗೆ ನಾನು ಹೀಗೆ ಹೇಳುತ್ತೇನೆ. ಹಾಸ್ಟೆಲ್ ಖಾತ್ರಿಯಿದ್ದರೆ, ಮನೆಯವರು ಬಿಟ್ಟರೆ, ದೊಡ್ಡ ಕಡೆಗೆ ಹೋಗು, ಎರಡನೇ ಯೋಚನೆ ಬೇಡ. ದಿನಾ ಓಡಾಡುವುದೇ ಗತಿ ಅಂದರೆ, ದೂರದ ದೊಡ್ಡದಕ್ಕಿಂತ ಹತ್ತಿರದ ಚಿಕ್ಕದು ಎಷ್ಟೋ ಮೇಲು. ಆದರೆ ಚಿಕ್ಕದಕ್ಕೆ ಸೇರುವ ಮೊದಲು ಒಂದು ದಿನ ಹೋಗಿ ವಿಭಾಗದ ಮುಂದೆ ನಿಲ್ಲಬೇಕು. ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತ ಆಫೀಸಿನಲ್ಲಿ ಕೇಳಬೇಕು. ಅತಿಥಿ ಉಪನ್ಯಾಸಕರಲ್ಲಿ ತುಂಬಾ ಒಳ್ಳೆಯವರಿದ್ದಾರೆ. ಆದರೆ ಅವರ ನೇಮಕ ತಡವಾದರೆ ಮಕ್ಕಳ ಪಾಠವೂ ತಡ. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಬಾಗಿಲಲ್ಲೇ ಬರೆದಿರುತ್ತದೆ, ನೋಡಿಕೊಂಡು ಬರಬೇಕು. ಎಲ್ಲಕ್ಕಿಂತ ಮುಖ್ಯ, ಎರಡನೇ ವರ್ಷದ ಮಕ್ಕಳನ್ನು ಕ್ಯಾಂಟೀನ್ ಹತ್ತಿರ ಮಾತಾಡಿಸಬೇಕು. ಅವರು ಸುಳ್ಳು ಹೇಳಲ್ಲ.

ಹೆಣ್ಣುಮಕ್ಕಳ ಅಪ್ಪಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಹಾಸ್ಟೆಲ್ ಬೇಡ ಅನ್ನುವ ಮೊದಲು ಒಮ್ಮೆ ಹಾಸ್ಟೆಲ್ ನೋಡಿ ಬನ್ನಿ. ವಾರ್ಡನ್ ಹತ್ತಿರ ಮಾತಾಡಿ. ಅಲ್ಲಿರುವ ಹುಡುಗಿಯರೂ ನಿಮ್ಮಂಥವರ ಮನೆಯಿಂದಲೇ ಬಂದವರು.

ಅರ್ಜಿ ಕರೆಯುವವರೆಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸ ಒಂದಿದೆ. ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಹಾಸ್ಟೆಲ್‌ಗೂ, ಹಾಸ್ಟೆಲ್ ಸಿಗದವರ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿಗೂ ಅದೇ ಬೇಕು. ಅದರ ಮೇಲಿರುವ ಹೆಸರು, ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಇನಿಷಿಯಲ್ ಸಮೇತ ಒಂದೇ ಥರ ಇರಬೇಕು. ಇಲ್ಲದಿದ್ದರೆ ಇವತ್ತೇ ಸರಿಮಾಡಿಸಲು ಕೊಡಿ. ಕೊನೆಯ ವಾರದಲ್ಲಿ ಹೋದರೆ ಸರ್ವರ್ ಸಿಗಲ್ಲ.